ಫ್ರೆಂಚ್ ಸಿಪಾಯಿಗೆ ಮೈಸೂರು ಮುಂಡಾಸು: ಉದುರುವ ತಲೆ, ಕಳಚುವ ಪುಟ್ಟಿ, ಬಿಳಿಚುವ ವಾರ್ನಿಶ್

ಪ್ರಶ್ನೆ: ನಮಸ್ಕಾರ. ನಾವು ಮೂಲತಃ ಧಾರವಾಡದವರು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. 1790–91ರಲ್ಲಿ ಟಿಪ್ಪುವಿನ ವಶದಲ್ಲಿದ್ದ ಧಾರವಾಡ ಕೋಟೆಗೆ ಮರಾಠರು ಹಾಕಿದ ಮುತ್ತಿಗೆಯನ್ನು ಗೊಂಬೆ ಸೈನಿಕರನ್ನಿಟ್ಟು ಟೇಬಲ್ ಮೇಲೆ ಆಡಬೇಕೆಂದು ಬಹಳ ಆಸೆ. ಬೇಕಾದ ಸೈನಿಕರು ಸಿಗದೆ, ಇದ್ದವರನ್ನೇ ಬದಲಾಯಿಸಲು ಹೊರಟೆ. ನನ್ನ ಬಳಿ 28 ಮಿ.ಮೀ. ಅಳತೆಯ ಗಟ್ಟಿ ಪ್ಲಾಸ್ಟಿಕ್‌ನ ನೆಪೋಲಿಯನ್ ಕಾಲದ ಫ್ರೆಂಚ್ ಪದಾತಿಗಳು, 1/72 ಅಳತೆಯ (ನಿಜದ ಗಾತ್ರದ 72ರಲ್ಲೊಂದು ಪಾಲು) ಮೆತ್ತನೆ ಪ್ಲಾಸ್ಟಿಕ್‌ನ ಕೊಸಾಕ್ (ರಷ್ಯದ ಕುದುರೆ ಸೈನಿಕ) ಸವಾರರು, ಮಾವನವರ ಕಾಲದ ಒಂದು ಡಜನ್ ಲೋಹದ ಸಿಪಾಯಿಗಳು ಇವೆ. ಫ್ರೆಂಚರ ಟೋಪಿ ಕೆತ್ತಿ ಎಂ-ಸೀಲ್‌ನಿಂದ ಮುಂಡಾಸು ಮಾಡಿದೆ, ಒಣಗಿದ ಮೇಲೆ ಇಡಿಯಾಗಿ ಕಳಚಿ ಕೈಗೆ ಬಂತು. ಕೊಸಾಕರ ತಲೆ ಬದಲಿಸಿ ಫೆವಿಕ್ವಿಕ್ ಹಾಕಿದರೆ ಮುಟ್ಟಿದ ಕೂಡಲೇ ಉದುರುತ್ತದೆ, ಬಣ್ಣವೂ ಸಿಪ್ಪೆಯಂತೆ ಏಳುತ್ತದೆ. ಜುಲೈನಲ್ಲಿ ವಾರ್ನಿಶ್ ಸ್ಪ್ರೇ ಮಾಡಿದವು ಬೂದಿ ಬಳಿದಂತಾದವು. ಫೆವಿಕ್ವಿಕ್‌ಗೆ ಅಡುಗೆ ಸೋಡಾ ಸೇರಿಸಿ ಎಂದು ಒಬ್ಬರು, ಕುದಿಯುವ ನೀರಿಗೆ ಹಾಕಿ ಎಂದು ಇನ್ನೊಬ್ಬರು, ಮಳೆಗಾಲದಲ್ಲಿ ಈ ಕೆಲಸವೇ ಬೇಡ ಎಂದು ಮತ್ತೊಬ್ಬರು ಹೇಳುತ್ತಾರೆ. ಮೈಸೂರಿನವರಿಗೆ ಹಳದಿ-ಕಪ್ಪು ಹುಲಿಪಟ್ಟೆ, ಮರಾಠರಿಗೆ ಕೇಸರಿ ಬಳಿದರೆ ಸರಿಯೇ? ಎಂಟು ವರ್ಷದ ಮಗಳು ದೀಪಾವಳಿಗೆ ಮಣ್ಣಿನ ಕಿಲ್ಲಾ (ಕೋಟೆ) ಕಟ್ಟುವಾಗ ಈ ಗೊಂಬೆಗಳನ್ನೂ ಕೇಳುತ್ತಾಳೆ. ಲೋಹದವನ್ನು ಕೊಡಬಹುದೇ?

ಉತ್ತರ: ನಮಸ್ಕಾರ. ಕೈ ಕೆಟ್ಟಿದೆಯೋ ಮಳೆ ಕೆಡಿಸಿತೋ ಎಂಬ ಚಿಂತೆ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಎರಡೂ ಅಲ್ಲ. ವಾರ್ನಿಶ್ ಒಂದನ್ನು ಬಿಟ್ಟರೆ ಮಳೆಯ ತಪ್ಪು ಇಲ್ಲಿ ಕಡಿಮೆ. ನಿಮ್ಮ ಬಳಿ ಇರುವುದು ಮೂರು ಬೇರೆ ಬೇರೆ ಪದಾರ್ಥ, ಮೂರಕ್ಕೂ ಒಂದೇ ಉಪಚಾರ ನಡೆದಿದೆ. ಯಾವುದು ಯಾವ ಪದಾರ್ಥ ಎಂದು ಗುರುತಿಸಿ, ಅಂಟಿನ ಮೇಲೆ ಭಾರ ಹಾಕದೆ ಕೀಲಿಗೆ ತಂತಿ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ತೊಂದರೆ ಅಲ್ಲೇ ತೀರುತ್ತದೆ.

ಮೊದಲು ನೀರಿನ ಪರೀಕ್ಷೆ

ಫಿಗರ್‌ಗಳು ಚೌಕಟ್ಟಿಗೆ ಅಂಟಿಕೊಂಡು ಬರುತ್ತವಲ್ಲ, ಆ ಚೌಕಟ್ಟಿನ ಒಂದು ತುಂಡನ್ನು ಕತ್ತರಿಸಿ ಲೋಟದ ನೀರಿಗೆ ಹಾಕಿ, ಬೆರಳಿನಿಂದ ಅದುಮಿ ಗಾಳಿಗುಳ್ಳೆ ಬಿಡಿಸಿ. ತೇಲಿದರೆ ಅದು ಪಾಲಿಎಥಿಲೀನ್, ಅಂದರೆ ಮೆತ್ತನೆಯ ಪ್ಲಾಸ್ಟಿಕ್. ಹಾಲಿನ ಪಾಕೀಟು, ಬಕೆಟ್‌ಗಳ ಬಳಗದ್ದು. ಮುಳುಗಿದರೆ, ಬಾಗಿಸಿದಾಗ ಚಟ್ಟನೆ ಮುರಿದರೆ ಪಾಲಿಸ್ಟೈರೀನ್, ಗಟ್ಟಿ ಪ್ಲಾಸ್ಟಿಕ್. ಮುಳುಗಿಯೂ ರಬ್ಬರಿನಂತೆ ಬಾಗಿದರೆ ಪಿವಿಸಿ. ನಿಮ್ಮ ಕೊಸಾಕರು ತೇಲುತ್ತಾರೆ, ಫ್ರೆಂಚರು ಮುಳುಗುತ್ತಾರೆ ಎಂದು ಪತ್ರದ ಲಕ್ಷಣದಿಂದಲೇ ಹೇಳಬಹುದು.

ಗಟ್ಟಿ ಪ್ಲಾಸ್ಟಿಕ್‌ಗೆ ಮಾಡೆಲ್ ಕಟ್ಟುವವರು ಬಳಸುವ ಪ್ಲಾಸ್ಟಿಕ್ ಸಿಮೆಂಟ್ ಸಾಕು. ಅದು ನಿಜಕ್ಕೂ ಅಂಟಲ್ಲ, ದ್ರಾವಕ. ಎರಡು ಮೈಗಳನ್ನೂ ತುಸು ಕರಗಿಸಿ ಒಂದಾಗಿಸುತ್ತದೆ, ಒಣಗಿದ ಮೇಲೆ ಅಲ್ಲಿ ಕೀಲೇ ಉಳಿಯುವುದಿಲ್ಲ. ಪಾಲಿಎಥಿಲೀನ್ ಆ ದ್ರಾವಕಕ್ಕೆ ಕರಗದು. ಅದರ ಮೈ ಮೇಣದಂತೆ ನುಣುಪು, ಯಾವ ದ್ರವವೂ ಹರಡಿ ಕೂರುವುದಿಲ್ಲ. ಫೆವಿಕ್ವಿಕ್ ಆ ಮೈ ಮೇಲೆ ಗಾಜಿನಂಥ ತೆಳು ಪದರವಾಗಿ ಗಟ್ಟಿಯಾಗುತ್ತದೆ ಅಷ್ಟೇ. ಗೊಂಬೆ ಬಾಗುತ್ತದೆ, ಪದರ ಬಾಗದು, ಹಾಗಾಗಿ ಕಳಚುತ್ತದೆ. ಬಣ್ಣ ಸಿಪ್ಪೆ ಏಳುವುದಕ್ಕೂ ಇದೇ ಕಾರಣ. ಜೊತೆಗೆ ಕಾರ್ಖಾನೆಯ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಮೈ ಮೇಲೆ ಉಳಿದಿರುತ್ತದೆ. ಯಾವ ಪ್ಲಾಸ್ಟಿಕ್ ಆದರೂ ಕತ್ತಿ ಮುಟ್ಟಿಸುವ ಮೊದಲು ಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ದ್ರವ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಂದು ರಾತ್ರಿ ಒಣಗಿಸಿ.

ಇನ್ನೊಂದು ಮಾತು ಈಗಲೇ ಹೇಳಬೇಕು. 28 ಮಿ.ಮೀ. ಎನ್ನುವುದು ಸಾಮಾನ್ಯವಾಗಿ ಪಾದದಿಂದ ಕಣ್ಣಿನವರೆಗಿನ ಅಳತೆ. ನೆತ್ತಿಯವರೆಗೆ ಅಳೆದರೆ ಆ ಫ್ರೆಂಚ್ ಸೈನಿಕ 30–32 ಮಿ.ಮೀ. ಇರುತ್ತಾನೆ. 1/72ರಲ್ಲಿ ಆರಡಿ ಆಳು 25 ಮಿ.ಮೀ. ಆಗುತ್ತಾನೆ. 28ರ ತಲೆ, ಕೈಗಳನ್ನು ಬೇಕೆಂದೇ ತುಸು ದಪ್ಪ ಮಾಡಿರುತ್ತಾರೆ. ಆದ್ದರಿಂದ ಒಂದರ ತಲೆ ಇನ್ನೊಂದಕ್ಕೆ ಕೂರದು, ಇಬ್ಬರನ್ನೂ ಒಂದೇ ಟೇಬಲ್ ಮೇಲೆ ನಿಲ್ಲಿಸಿದರೆ ಸವಾರರು ಮಕ್ಕಳಂತೆ ಕಾಣುತ್ತಾರೆ. ಮುತ್ತಿಗೆಯ ಆಟಕ್ಕೆ ಬೇಕಾದದ್ದು ಕಂದಕ, ತೋಪುಖಾನೆ, ಪದಾತಿ. ಕುದುರೆಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ನನ್ನ ಸಲಹೆ: ಧಾರವಾಡವನ್ನು 28ರಲ್ಲಿ ಫ್ರೆಂಚರಿಂದ ಮಾಡಿ. ಕೊಸಾಕರನ್ನು ಮರಾಠಾ ಸವಾರರನ್ನಾಗಿಸಿ, ಮೇವು-ದವಸ ತರಲು ಹೋದ ತುಕಡಿಗಳ ಚಕಮಕಿಯಂಥ ಬೇರೆ ಆಟಕ್ಕೆ ಇಟ್ಟುಕೊಳ್ಳಿ.

ನಿಮಗೆ ಸಿಕ್ಕ ಸಲಹೆಗಳಲ್ಲಿ ಎಷ್ಟು ನಿಜ

ಅಡುಗೆ ಸೋಡಾ ಫೆವಿಕ್ವಿಕ್ಕನ್ನು ಕ್ಷಣದಲ್ಲಿ ಕಲ್ಲಾಗಿಸುತ್ತದೆ, ಅದು ನಿಜ. ಆದರೆ ಕೀಲಿಗೆ ಬಲ ಬರುವುದಿಲ್ಲ. ಕತ್ತಿನ ಸುತ್ತ ಉಳಿದ ಸಂದು ತುಂಬಲು ಬಳಸಿ, ಕತ್ತು ನಿಲ್ಲಿಸಲು ಅಲ್ಲ. ಸೇರಿಸಿದಾಗ ಬಿಸಿ ಏಳುತ್ತದೆ, ಹೊಗೆ ಕಣ್ಣು ಉರಿಸುತ್ತದೆ. ಕಿಟಕಿ ತೆರೆದಿಟ್ಟು, ಮುಖ ದೂರವಿಟ್ಟು ಮಾಡಿ. ಗಟ್ಟಿಯಾದ ಮೇಲೆ ಅದು ಪ್ಲಾಸ್ಟಿಕ್‌ಗಿಂತ ಗಡಸು. ತಿಕ್ಕಲು ಹೋದರೆ ಅದು ಸವೆಯುವ ಮೊದಲು ಪಕ್ಕದ ಗದ್ದವೇ ಸವೆದಿರುತ್ತದೆ.

ಬಿಸಿನೀರು ಸೊಟ್ಟಗಾದ ಬಂದೂಕು, ಈಟಿ ನೇರ ಮಾಡಲು ಉಪಯೋಗಕ್ಕೆ ಬರುತ್ತದೆ. ಮೆತ್ತನೆ ಪ್ಲಾಸ್ಟಿಕ್ಕನ್ನು ಕುದಿ ಇಳಿದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ, ಹಿಡಿದುಕೊಂಡೇ ತಣ್ಣೀರಿಗೆ ಇಳಿಸಬೇಕು. ಆದರೆ ಈ ಪ್ಲಾಸ್ಟಿಕ್ ಹಳೆಯ ಆಕಾರವನ್ನು ಪೂರ್ತಿ ಮರೆಯುವುದಿಲ್ಲ. ಏಪ್ರಿಲ್-ಮೇ ಸೆಕೆಯಲ್ಲಿ ಕಪಾಟಿನೊಳಗೇ ಮತ್ತೆ ಬಾಗುತ್ತದೆ. ತೆಳ್ಳನೆಯ ಈಟಿಯಾದರೆ ಕತ್ತರಿಸಿ ಎಸೆದು ಹಿತ್ತಾಳೆ ತಂತಿ ಹಾಕುವುದೇ ಕೊನೆಯ ಪರಿಹಾರ. ಗಟ್ಟಿ ಪ್ಲಾಸ್ಟಿಕ್‌ಗೆ ಈ ಉಪಾಯ ಬೇಡ. ಪಾಲಿಸ್ಟೈರೀನ್ ಮೆದುವಾಗುವುದು ಸುಮಾರು 100 ಡಿಗ್ರಿಯಲ್ಲಿ. ಅಲ್ಲಿಯವರೆಗೆ ಬಾಗದು, ಅಲ್ಲಿಗೆ ಬಂದಾಗ ಮುಖದ ಗೆರೆಗಳೂ ಸಡಿಲವಾಗುತ್ತವೆ. ತೋಳಿನ ಭಂಗಿ ಬದಲಿಸಬೇಕೆಂದರೆ ಮೊಣಕೈಯಲ್ಲಿ ಕತ್ತರಿಸಿ, ಒಳಬದಿಯಿಂದ ಸಣ್ಣ ತ್ರಿಕೋನ ತೆಗೆದು, ಮಡಚಿ ಅಂಟಿಸಿ.

ಎಂ-ಸೀಲ್ ಒಳ್ಳೆಯ ಸಾಮಾನು, ಆದರೆ ನಲ್ಲಿ ಸೋರಿಕೆ ನಿಲ್ಲಿಸಲು ಮಾಡಿದ್ದು. ಅದರ ಕಣ ದಪ್ಪ, ಗಟ್ಟಿಯಾದ ಮೇಲೆ ಬಾಗದು, ಒಂದು ಮಿ.ಮೀ.ಗಿಂತ ತೆಳ್ಳಗಿನ ಮಡಿಕೆ ಹಿಡಿಸುವುದಿಲ್ಲ. ನಿಮ್ಮ ಮುಂಡಾಸು ಕಳಚಲು ಇದರ ಜೊತೆ ಇನ್ನೂ ಎರಡು ಕಾರಣ ಇರಬೇಕು. ಕೆತ್ತಿದ ತಲೆಬುರುಡೆಯನ್ನು ನುಣ್ಣಗೆ ಬಿಟ್ಟಿದ್ದೀರಿ, ಮತ್ತು ಒದ್ದೆ ಬೆರಳಿನಿಂದ ಒತ್ತುವಾಗ ನೀರು ಪುಟ್ಟಿಯ ಅಡಿಗೆ ಹೋಗಿದೆ. ಎಂ-ಸೀಲ್‌ನಂಥ ಎಪಾಕ್ಸಿ (ಎರಡು ಭಾಗ ನಾದಿ ಗಟ್ಟಿಯಾಗಿಸುವ ಪದಾರ್ಥ) ಹಿಡಿಯುವುದು ಒಣ, ಒರಟು ಮೈಗೆ ಮಾತ್ರ.

ತಲೆ ಬದಲಿಸುವ ಕ್ರಮ

ಬೇಕಾದ ಸಾಮಾನು ಬಹಳವಿಲ್ಲ: ಹೊಸ ಬ್ಲೇಡಿನ ಕ್ರಾಫ್ಟ್ ಚಾಕು, ಸಣ್ಣ ಹಲ್ಲಿನ ರೇಜರ್ ಗರಗಸ, ಸೂಜಿ ಕಾನಸುಗಳ ಸೆಟ್, ಬೆರಳಿನಿಂದ ತಿರುಗಿಸುವ ಪಿನ್ ವೈಸ್, 0.5 ಮತ್ತು 0.8 ಮಿ.ಮೀ. ಡ್ರಿಲ್ ಬಿಟ್‌ಗಳು, ಅದೇ ದಪ್ಪದ ಹಿತ್ತಾಳೆ ತಂತಿ. ಪುಣೆಯಲ್ಲಿ ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಟ್, ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಕಾನಸು ಮತ್ತು ತಂತಿ ಕೇಳಿ ನೋಡಿ. ಮುಂಬೈಯವರಿಗೆ ಲ್ಯಾಮಿಂಗ್ಟನ್ ರಸ್ತೆ, ನಾಗದೇವಿ ಸ್ಟ್ರೀಟ್ ಇವೆ. ಬಿಟ್ ಕೊಳ್ಳುವಾಗ ಹೈಸ್ಪೀಡ್ ಸ್ಟೀಲ್‌ನದ್ದೇ ಇರಲಿ. ಸರ್ಕ್ಯೂಟ್ ಬೋರ್ಡ್‌ಗೆ ಬಳಸುವ ಕಾರ್ಬೈಡ್ ಬಿಟ್ ಯಂತ್ರಕ್ಕೆ ಸರಿ, ಕೈಯಲ್ಲಿ ತುಸು ವಾಲಿದರೂ ತುಂಡಾಗುತ್ತದೆ.

ಸ್ಟೇಪ್ಲರ್ ಪಿನ್, ಗುಂಡುಸೂಜಿ, ಯು-ಪಿನ್ ಬಳಸಬೇಡಿ. ಅವು ಉಕ್ಕಿನವು. ಪುಣೆಯಲ್ಲೇ ಎರಡು ಮಳೆಗಾಲ ಕಂಡ ಮೇಲೆ ತುಕ್ಕು ಹಿಡಿಯುತ್ತವೆ. ಮುಂಬೈ, ಗೋವೆಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ತುಕ್ಕು ಹಿಡಿದ ತಂತಿ ಉಬ್ಬಿ, ಕತ್ತಿನ ಬಳಿ ಬಣ್ಣದಡಿ ಕಂದು ಕಲೆ ಮೂಡಿ, ಕೊನೆಗೆ ಕೀಲು ಬಿಡುತ್ತದೆ.

ತಲೆಯನ್ನು ಕಾಲರ್‌ನ ಮೇಲಂಚಿಗೆ ಸರಿಯಾಗಿ ಗರಗಸದಿಂದ ಕತ್ತರಿಸಿ. ಚಾಕುವಿನಿಂದ ಒತ್ತಿ ಕತ್ತರಿಸಿದರೆ ಮೈ ಇಳಿಜಾರಾಗುತ್ತದೆ. ಎರಡೂ ಮೈಯನ್ನು ಕಾನಸಿನಿಂದ ಸಮ ಮಾಡಿ. ಕತ್ತಿನ ನಡುವೆ ಸೂಜಿಯಿಂದ ಒಂದು ಚುಕ್ಕಿ ಚುಚ್ಚಿ, ಅಲ್ಲೇ 3 ಮಿ.ಮೀ. ಆಳ ಕೊರೆಯಿರಿ. 28ಕ್ಕೆ 0.8ರ ಬಿಟ್, 1/72ಕ್ಕೆ 0.5. ಎರಡನೆಯ ತೂತು ಮೊದಲಿನದರ ಎದುರಿಗೇ ಬರುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಉಪಾಯ ಸರಳ: ಮೊದಲ ತೂತಿನ ಬಾಯಿಗೆ ಒಂದು ಹನಿ ಬಣ್ಣ ಇಟ್ಟು, ತಲೆಯನ್ನು ಬೇಕಾದ ಕೋನದಲ್ಲಿ ಒತ್ತಿ ತೆಗೆಯಿರಿ. ಬಣ್ಣ ಬಿದ್ದ ಕಡೆ ಕೊರೆಯಿರಿ. 5 ಮಿ.ಮೀ. ತಂತಿ ಕತ್ತರಿಸಿ, ಅದರ ಮೈಯನ್ನು ಪಾಲಿಶ್ ಪೇಪರಿನಿಂದ ಗೀರಿ, ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡಿ, ಆಮೇಲೆ ಅಂಟಿಸಿ. ತಲೆಯನ್ನು ಸ್ವಲ್ಪ ಎಡಕ್ಕೋ ಬಲಕ್ಕೋ ತಿರುಗಿಸಿ ಇಟ್ಟರೆ ಆಳಿಗೆ ಜೀವ ಬರುತ್ತದೆ.

ಕೊಸಾಕರಂಥ ಮೆತ್ತನೆಯವರಿಗೆ ತಂತಿಯನ್ನು ಬಿಸಿ ಮಾಡಿ ಇಳಿಸುವುದು ಮೇಲು. ತೂತನ್ನು ಮೊದಲೇ ಕೊರೆದಿಟ್ಟು, ಇಕ್ಕಳದಲ್ಲಿ ಹಿಡಿದ ತಂತಿಯ ತುದಿಯನ್ನು ಲೈಟರಿಗೆ ಎರಡು ಕ್ಷಣ ಹಿಡಿದು ಒಳಗೆ ತಳ್ಳಿ. ಪ್ಲಾಸ್ಟಿಕ್ ಕರಗಿ, ಗೀರಿದ ತಂತಿಯನ್ನು ಕಚ್ಚಿಕೊಳ್ಳುತ್ತದೆ. ತಂತಿ ಕೆಂಪಾಗುವಷ್ಟು ಕಾಯಿಸಿದರೆ ತೂತು ಅಗಲವಾಗಿ ಕೆಲಸ ಕೆಟ್ಟಂತೆ. ಎರಡನೆಯ ಭಾಗವನ್ನು ಕೂಡಿಸಲು, ಪಾಲಿಎಥಿಲೀನ್‌ಗೆಂದೇ ಪ್ರೈಮರ್ ಜೊತೆ ಮಾರುವ ಸೂಪರ್ ಗ್ಲೂ ಸಿಕ್ಕರೆ ಅದು, ಇಲ್ಲವಾದರೆ ಸಾದಾ ಫೆವಿಕ್ವಿಕ್ ಸಾಕು. ಇಲ್ಲಿ ಭಾರ ಹೊರುವುದು ತಂತಿ.

ಮುಂಡಾಸು ಸುತ್ತುವುದು

ಇದಕ್ಕೆ ಹವ್ಯಾಸಿಗಳು ಬಳಸುವುದು ಗ್ರೀನ್ ಸ್ಟಫ್ ಎಂಬ ಎಪಾಕ್ಸಿ ಪುಟ್ಟಿ. ಹಳದಿ, ನೀಲಿ ಎರಡು ಪಟ್ಟಿಗಳನ್ನು ಸಮ ಪಾಲಿನಲ್ಲಿ ನಾದಿದರೆ ಹಸಿರಾಗುತ್ತದೆ. ಆನ್‌ಲೈನ್ ಹವ್ಯಾಸಿ ಅಂಗಡಿಗಳಲ್ಲಿ ಸಿಗುತ್ತದೆ. ನೀಲಿ ತುಸು ಹೆಚ್ಚಾದರೆ ಗಡಸು, ಅಂಚು ಚೂಪಾಗಿ ನಿಲ್ಲುತ್ತದೆ. ಹಳದಿ ಹೆಚ್ಚಾದರೆ ಜಿಗುಟು, ಒಣಗಿದ ಮೇಲೂ ಬಾಗುತ್ತದೆ. ಮುಂಡಾಸಿಗೆ ಸಮಪಾಲೇ ಸರಿ. ಎರಡೂ ಬಣ್ಣ ಒಂದಕ್ಕೊಂದು ತಗುಲಿರುವ ಪಟ್ಟಿ ಬಂದರೆ, ನಡುವಿನ 2 ಮಿ.ಮೀ. ಕತ್ತರಿಸಿ ಬಿಸಾಡಿ. ಅಲ್ಲಿ ಆಗಲೇ ಗಟ್ಟಿಯಾಗಿ, ನಾದಿದಾಗ ಮರಳಿನಂಥ ಗಂಟು ಸಿಗುತ್ತದೆ. ಕೆಲಸಕ್ಕೆ ಸಿಗುವ ಸಮಯ ಒಂದರಿಂದ ಒಂದೂವರೆ ಗಂಟೆ. ಮೇ ತಿಂಗಳ ಮಧ್ಯಾಹ್ನ ಅದಕ್ಕಿಂತ ಕಡಿಮೆ. ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ. ನಮ್ಮಲ್ಲೇ ಸಿಗುವ ಶಿಲ್ಪಕಾರ್, ಮೋಲ್ಡ್‌ಇಟ್‌ನಂಥ ಎಪಾಕ್ಸಿ ಜೇಡಿ ಅಗ್ಗ. ಕುದುರೆಯ ಜೀನು, ಕಂದಕದ ಮಣ್ಣು, ಮರಳಿನ ಮೂಟೆಗೆ ಚೆನ್ನಾಗಿದೆ. ಮುಖದ ಹತ್ತಿರದ ಸೂಕ್ಷ್ಮ ಕೆಲಸಕ್ಕೆ ಸಾಲದು.

ಟೋಪಿಯನ್ನು ಹುಬ್ಬಿನ ಮೇಲಿಂದ ಕೆತ್ತಿ ಗುಂಡನೆಯ ಬುರುಡೆ ಉಳಿಸಿ. ಬ್ಲೇಡಿನಿಂದ ಅಡ್ಡಡ್ಡ ಗೀರು ಹಾಕಿ, 0.5 ಬಿಟ್‌ನಿಂದ ಎರಡು ಮೂರು ಕಡೆ ಸಣ್ಣ ಗುಳಿ ಮಾಡಿ. ಒಂದು ಸಾಸಿವೆ ಕಾಳಿನಷ್ಟು ಪುಟ್ಟಿಯನ್ನು ಒಣ ಉಪಕರಣದಿಂದ ಆ ಗೀರುಗಳಿಗೆ ತಿಕ್ಕಿ ತುಂಬಿ. ಇದು ಬರಿಯ ತಳಪಾಯ, ಆಕಾರ ಕೊಡಲು ಹೋಗಬೇಡಿ. ಇಪ್ಪತ್ತು ನಿಮಿಷ ಬಿಟ್ಟು, ಅದು ಇನ್ನೂ ಅಂಟಂಟಾಗಿರುವಾಗ, 1 ಮಿ.ಮೀ. ದಪ್ಪದ ಎಳೆಗಳನ್ನು ಹೊಸೆದು ಒಂದರ ಮೇಲೊಂದು ಓರೆಯಾಗಿ ಸುತ್ತಿ. ಪ್ರತಿ ಎಳೆಯನ್ನೂ ಕೆಳಗಿನದಕ್ಕೆ ಒತ್ತಿ, ಆಮೇಲೆ ಚಾಕುವಿನ ಮೊಂಡ ಬೆನ್ನಿನಿಂದ ಓರೆ ಗೆರೆ ಎಳೆಯಿರಿ. ನೀರು ಅಥವಾ ವ್ಯಾಸಲೀನ್ ಈ ಹಂತದಲ್ಲಿ ಮಾತ್ರ, ಉಪಕರಣದ ತುದಿಗೆ ಮಾತ್ರ. ಗೆರೆಗಳು ಕಿವಿಯ ಬಳಿ ಒಟ್ಟುಗೂಡಿ ಹಣೆಯ ಮೇಲೆ ಬಿಚ್ಚಿಕೊಂಡರೆ ಬಟ್ಟೆಯೆನಿಸುತ್ತದೆ. ಎಲ್ಲ ಕಡೆ ಸಮನಾಗಿ ಎಳೆದರೆ ಹಗ್ಗ ಸುತ್ತಿದಂತೆ ಕಾಣುತ್ತದೆ.

ಗಟ್ಟಿಯಾಗದ ಎಪಾಕ್ಸಿ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ, ಒಮ್ಮೆ ಬಂದರೆ ಮತ್ತೆ ಮತ್ತೆ ಬರುತ್ತದೆ. ನೈಟ್ರೈಲ್ ಕೈಗವಸು ಹಾಕಿಕೊಂಡು ನಾದಿ. ಗಟ್ಟಿಯಾದ ಮೇಲೆ ತಿಕ್ಕುವುದಿದ್ದರೆ ಪಾಲಿಶ್ ಪೇಪರ್ ಒದ್ದೆ ಮಾಡಿಕೊಂಡು ತಿಕ್ಕಿ, ಧೂಳು ಏಳುವುದಿಲ್ಲ.

ಉಡುಪು: ಎಷ್ಟು ಬದಲಿಸಬೇಕು

ಧಾರವಾಡ ಕೋಟೆಯಲ್ಲಿ ಟಿಪ್ಪುವಿನ ಕಡೆಯಿಂದ ಬದ್ರುಜ್ಜಮಾನ್ ಖಾನ್, ಹೊರಗೆ ಪರಶುರಾಮ ಭಾವೂ ಪಟವರ್ಧನರ ಮರಾಠಾ ಸೈನ್ಯ, ಅದರ ಜೊತೆ ಮುಂಬೈಯಿಂದ ಬಂದ ಕ್ಯಾಪ್ಟನ್ ಲಿಟಲ್‌ನ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು. ಕೋಟೆ 1791ರ ಏಪ್ರಿಲ್‌ನಲ್ಲಿ ಶರಣಾಯಿತು. ಅಂದರೆ ನಿಮಗೆ ಮೂರು ಬಗೆಯ ಉಡುಪು ಬೇಕು.

ಹಳದಿ-ಕಪ್ಪು ಹುಲಿಪಟ್ಟೆ ಚಿತ್ರಪುಸ್ತಕಗಳಿಂದ ಹಬ್ಬಿದ್ದು. ಆ ಕಾಲದ ಇಂಗ್ಲಿಷ್ ವರ್ಣನೆಗಳಲ್ಲಿ ಮೈಸೂರಿನ ಕವಾಯತು ಪದಾತಿಯ ಅಂಗಿ ನೇರಳೆ ಬಣ್ಣದ್ದು, ಅದರ ಮೇಲೆ ವಜ್ರಾಕಾರದ ಬಿಳಿ ಮಚ್ಚೆಗಳು. ಅದನ್ನೇ ಹುಲಿಯಂಗಿ ಎಂದದ್ದು. ಮುಂಡಾಸು, ನಡುಕಟ್ಟು ಎರಡೂ ಕೆಂಪು. ಬಳಿಯುವಾಗ ನೇರಳೆ ಒಣಗಿದ ಮೇಲೆ, ಸೊನ್ನೆ ನಂಬರಿನ ಕುಂಚದಿಂದ ಒಂದೂವರೆ-ಎರಡು ಮಿ.ಮೀ.ಗೆ ಒಂದರಂತೆ ಸಣ್ಣ ಮಚ್ಚೆ ಇಡಿ. ಲೆಕ್ಕ ಹಾಕಿ ನಿಜದ ಅಳತೆಗೆ ಚಿಕ್ಕದಾಗಿ ಇಟ್ಟರೆ ಮೂರಡಿ ದೂರದಿಂದ ಅಂಗಿ ಬರಿ ಬೂದಿಯಾಗಿ ಕಾಣುತ್ತದೆ. ಅಳತೆ ಮೀರಿ ದೊಡ್ಡದಿರಲಿ, ಕಡಿಮೆ ಇರಲಿ. ಕೋಟೆಯಲ್ಲಿದ್ದವರೆಲ್ಲ ಈ ಉಡುಪಿನವರಲ್ಲ ಎಂಬುದೂ ನೆನಪಿರಲಿ. ಕಂದಾಚಾರ ಎನ್ನುತ್ತಿದ್ದ ಕಾಲಾಳುಗಳಂಥ ಸ್ಥಳೀಯ ಪಡೆಗೆ ಸಮವಸ್ತ್ರವಿರಲಿಲ್ಲ. ಅವರಿಗೆ ಬಿಳಿ, ಮಾಸಲು, ಕಂದು ಬಣ್ಣ ಸಾಕು.

ನಿಮ್ಮ ಫ್ರೆಂಚರಲ್ಲಿ ಮೊಳಕಾಲುದ್ದದ ಗೇಟರ್ (ಕಾಲಿಗೆ ಬಿಗಿಯಾಗಿ ತೊಡುವ ಹೊದಿಕೆ) ತೊಟ್ಟವರನ್ನು ಬಿಟ್ಟು, ಸಡಿಲ ಷರಾಯಿ ಹಾಕಿದ ಕಾಲುಗಳನ್ನು ಆರಿಸಿ. ಅಲ್ಲೇ ಅರ್ಧ ಕೆಲಸ ಉಳಿಯುತ್ತದೆ. ಬೆನ್ನಚೀಲ ಅಂಟಿಸಬೇಡಿ. ಕೋಟಿನ ಹಿಂದಿನ ಬಾಲ ಕತ್ತರಿಸಿ, ಭುಜದ ಜೂಲು ಮತ್ತು ಎದೆಯ ಮಡಿಕೆಗಳನ್ನು ಬ್ಲೇಡನ್ನು ನೆಟ್ಟಗೆ ಹಿಡಿದು ಕೆರೆಯಿರಿ. ಕೊಯ್ಯುವುದಲ್ಲ, ಕೆರೆಯುವುದು. ಅಡ್ಡಪಟ್ಟಿ, ಬಂದೂಕು ಹಾಗೇ ಇರಲಿ. ಸೊಂಟಕ್ಕೆ ಪುಟ್ಟಿಯ ಒಂದು ಪಟ್ಟಿ ಸುತ್ತಿ ನಡುಕಟ್ಟು ಮಾಡಿದರೆ ಬಾಲ ಕತ್ತರಿಸಿದ ಗುರುತೂ ಮುಚ್ಚುತ್ತದೆ. ಗುಂಡಿಗಳನ್ನು ಒಂದೊಂದಾಗಿ ತೆಗೆಯಲು ಕೂರಬೇಡಿ, ಬಿಳಿ ಮಚ್ಚೆಗಳ ನಡುವೆ ಅವು ಕಾಣುವುದೇ ಇಲ್ಲ.

ಕಂಪನಿ ಸಿಪಾಯಿಗೆ ಕೆಂಪು ಕೋಟು, ತೊಡೆಯ ನಡುವಿನವರೆಗಿನ ತುಂಡು ಚಲ್ಲಣ, ಬರಿಗಾಲು ಅಥವಾ ಚಪ್ಪಲಿ. ಷರಾಯಿಯ ಕಾಲನ್ನು ಕೆತ್ತಿ ಬರಿಗಾಲು ಮಾಡುವುದು ಬಹಳ ತ್ರಾಸದ ಕೆಲಸ, ಫಲವೂ ಚೆನ್ನಾಗಿರದು. ಬರಿಗಾಲಿನ ಆಫ್ರಿಕನ್ ಅಥವಾ ಏಷ್ಯನ್ ಫಿಗರ್‌ನ ಕಾಲು, ಫ್ರೆಂಚನ ಮುಂಡ, ಎರಡನ್ನೂ ಸೊಂಟದಲ್ಲಿ ಎರಡು ತಂತಿ ಕೊಟ್ಟು ಕೂಡಿಸಿ. ಒಂದೇ ತಂತಿ ಕೊಟ್ಟರೆ ಮುಂಡ ತಿರುಗುತ್ತದೆ.

ಮರಾಠರಿಗೆಲ್ಲ ಕೇಸರಿ ಎಂಬುದೂ ತಪ್ಪು. ಕೇಸರಿ ಧ್ವಜದ ಬಣ್ಣ. ಸವಾರನು ತನ್ನ ಬಟ್ಟೆಯಲ್ಲೇ ಬರುತ್ತಿದ್ದ: ಬಿಳಿ ಅಥವಾ ಬಣ್ಣದ ಅಂಗಿ, ಕೆಲವರಿಗೆ ಹತ್ತಿ ತುಂಬಿ ಹೊಲಿದ ದಪ್ಪ ನಿಲುವಂಗಿ, ಬಿಗಿ ಚೊಣ್ಣ, ಬಗೆಬಗೆಯ ಮುಂಡಾಸು. ಒಂದು ತುಕಡಿಯಲ್ಲಿ ಎರಡೇ ಬಣ್ಣ ಮತ್ತೆ ಮತ್ತೆ ಬರುವಂತೆ ಮಾಡಿ, ಉಳಿದವು ಬಿಡಿಬಿಡಿಯಾಗಿರಲಿ. ಆಗ ಒಂದೇ ಪಡೆ ಅನಿಸುತ್ತದೆ, ಸಮವಸ್ತ್ರ ಅನಿಸುವುದಿಲ್ಲ. ಕೊಸಾಕರ ಸಡಿಲ ಷರಾಯಿ, ಈಟಿ ಹಿಡಿದ ಕೈ ಇದಕ್ಕೆ ಹೇಳಿಮಾಡಿಸಿದಂತಿವೆ. ಗಡ್ಡ ಕೆರೆದು ಮೀಸೆ ಉಳಿಸಿ, ಟೋಪಿಯ ಜಾಗದಲ್ಲಿ ಮುಂಡಾಸು, ಬೆನ್ನಿಗೊಂದು ದುಂಡು ಗುರಾಣಿ. ಹತ್ತಡಿ ಈಟಿ 1/72ರಲ್ಲಿ 42 ಮಿ.ಮೀ., 28ರಲ್ಲಿ ಸುಮಾರು 54. ತಂತಿಯ ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಕಾನಸಿನಿಂದ ಎಲೆಯ ಆಕಾರಕ್ಕೆ ತನ್ನಿ, ಆದರೆ ಮೊನೆ ಮೊಂಡಾಗಿಯೇ ಇರಲಿ. ಆಡುವಾಗ ಕೈ ಚುಚ್ಚುತ್ತದೆ.

ಭೀಮಾ ನದಿಯ ಬಯಲಿನ ಭೀಮಥಡಿ ತಳಿಯಂಥ ದಖ್ಖನಿ ಕುದುರೆ ಗಿಡ್ಡ, ಭುಜದ ಎತ್ತರ ಸುಮಾರು 130 ಸೆಂ.ಮೀ. 1/72ರಲ್ಲಿ 18 ಮಿ.ಮೀ. ನಿಮ್ಮ ಕೊಸಾಕ್ ಕುದುರೆಗಳನ್ನು ಅಳೆದು ನೋಡಿ, ಬಹುಶಃ ಬದಲಿಸುವ ಅಗತ್ಯವೇ ಬರುವುದಿಲ್ಲ. ಜೀನಿನ ಹಿಂದಿನ ಸುರುಳಿ ಚೀಲ ತೆಗೆದು ಪುಟ್ಟಿಯ ಗಾದಿ ಹಾಕಿದರೆ ಸಾಕು.

ಮೈಸೂರಿನ ರಾಕೆಟ್‌ನವರನ್ನು ಬಿಡಬೇಡಿ, ಅವರನ್ನು ಮಾಡುವುದು ಎಲ್ಲಕ್ಕಿಂತ ಸುಲಭ. ಕಬ್ಬಿಣದ ಕೊಳವೆ ಸುಮಾರು ಒಂದು ಗೇಣು ಉದ್ದ. 28ರಲ್ಲಿ 4 ಮಿ.ಮೀ. ಉದ್ದ, 1 ಮಿ.ಮೀ. ದಪ್ಪದ ತುಂಡು. ಬಿದಿರಿಗೆ 45–50 ಮಿ.ಮೀ. ಉದ್ದದ 0.5 ತಂತಿ. ಕೊಳವೆ ಬಿದಿರಿನ ಪಕ್ಕಕ್ಕೆ ಕಟ್ಟಿರುತ್ತದೆ, ತುದಿಗೆ ಸಿಕ್ಕಿಸಿರುವುದಿಲ್ಲ. ಬಾಣದ ಮೊನೆಯಂತೆ ತುದಿಗೆ ಇಡುವುದು ಬಹಳ ಮಂದಿ ಮಾಡುವ ತಪ್ಪು.

ಮರಾಠರ ತೋಪುಖಾನೆಯ ಬಗ್ಗೆ ಲಿಟಲ್‌ನ ಪಡೆಯಲ್ಲಿದ್ದ ಎಡ್ವರ್ಡ್ ಮೂರ್ 1794ರಲ್ಲಿ ಪ್ರಕಟಿಸಿದ ವರ್ಣನೆ ನಿಮಗೆ ನೇರ ಉಪಯೋಗಕ್ಕೆ ಬರುತ್ತದೆ. ತೋಪಿಗೆ ಮದ್ದು ತುಂಬಿ, ಎಲ್ಲರೂ ಕೂತು ಅರ್ಧ ತಾಸು ಮಾತಾಡುತ್ತ ಧೂಮಪಾನ ಮಾಡಿ, ಆಮೇಲೆ ಹಾರಿಸಿ, ಮತ್ತೆ ತುಂಬಿ ಕೂರುತ್ತಿದ್ದರಂತೆ. ಹಾಗಾಗಿ ಮದ್ದು ತುಂಬುವ ಕೋಲು ಹಿಡಿದು ಓಡುವ ಫ್ರೆಂಚ್ ಗೋಲಂದಾಜರ (ತೋಪು ಹಾರಿಸುವವರ) ಭಂಗಿ ಇಲ್ಲಿಗೆ ಹೊಂದದು. ಸೊಂಟದಿಂದ ಮೇಲಿನ ಮುಂಡ ಕತ್ತರಿಸಿ, 13 ಮಿ.ಮೀ. ಅಗಲ, 4 ಮಿ.ಮೀ. ಎತ್ತರದ ಪುಟ್ಟಿಯ ಮೇಲೆ ತಂತಿ ಕೊಟ್ಟು ಕೂರಿಸಿ, ಆ ಪುಟ್ಟಿಯನ್ನೇ ಧೋತರದ ಮಡಿಕೆಯಾಗಿ, ಎರಡು ಮಂಡಿಗಳಾಗಿ ಒತ್ತಿ. ಚಕ್ಕಳಮಕ್ಕಳ ಹಾಕಿ ಕೂತ ಗೋಲಂದಾಜ ಸಿದ್ಧ. ಕಾಲಿನ ಅಂಗರಚನೆ ಬಟ್ಟೆಯಡಿ ಮುಚ್ಚುವುದರಿಂದ ಹೊಸಬರಿಗೂ ಬರುವ ಮಾರ್ಪಾಡು ಇದು.

ಬಣ್ಣ, ವಾರ್ನಿಶ್, ಮಳೆ

ಮಳೆಗಾಲದಲ್ಲಿ ಕೆತ್ತನೆ, ಪುಟ್ಟಿ, ಕುಂಚದ ಬಣ್ಣ ಯಾವುದನ್ನೂ ನಿಲ್ಲಿಸಬೇಕಿಲ್ಲ. ನಿಲ್ಲಿಸಬೇಕಾದದ್ದು ಸ್ಪ್ರೇ ಮಾತ್ರ. ತೇವದ ಗಾಳಿಯಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಸಿಂಪಡಿಸಿದರೆ ದ್ರಾವಕ ಆರುವಾಗ ಮೈ ತಣ್ಣಗಾಗಿ ನೀರಾವಿ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಬೂದಿಯಂತೆ ಕಾಣುವುದು ಅದೇ. ಕೆಟ್ಟವನ್ನು ಈಗಲೇ ತೊಳೆಯಬೇಡಿ. ನವೆಂಬರಿನ ಒಂದು ಒಣ ದಿನ ಹೊಳಪಿನ ವಾರ್ನಿಶ್ಶನ್ನು ತೆಳ್ಳಗೆ ಹಚ್ಚಿ, ಬಹಳಷ್ಟು ಸಲ ಬಿಳಿ ಮಾಯವಾಗುತ್ತದೆ. ಆಮೇಲೆ ಮ್ಯಾಟ್ ಕೊಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಚದಿಂದ ಹಚ್ಚುವ ಅಕ್ರಿಲಿಕ್ ವಾರ್ನಿಶ್ ಬಳಸಿ. ಎಸಿ ಕೋಣೆ ಮುಚ್ಚಿಕೊಂಡು ಸ್ಪ್ರೇ ಮಾಡುವ ಸಾಹಸ ಬೇಡ, ದ್ರಾವಕದ ಆವಿ ಅಲ್ಲೇ ಸುತ್ತುತ್ತದೆ.

ಫೆವಿಕ್ವಿಕ್ ಸುತ್ತ ಏಳುವ ಬಿಳಿ ಹುಡಿ ಬೇರೆಯದು. ಅಂಟಿನ ಆವಿ ತೇವಕ್ಕೆ ಸೇರಿ ಪಕ್ಕದ ಮೈ ಮೇಲೆ ಕೂರುತ್ತದೆ. ಅಂಟು ಕಡಿಮೆ ಹಾಕಿ, ನಿಧಾನಕ್ಕೆ ಫ್ಯಾನ್ ಬಿಟ್ಟರೆ ಅಷ್ಟಾಗಿ ಬರದು. ಟ್ಯೂಬನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಬಾಳುತ್ತದೆ. ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ.

ಮೆತ್ತನೆ ಪ್ಲಾಸ್ಟಿಕ್‌ಗೆ ಬಣ್ಣದಡಿ ಬಾಗುವ ಪದರ ಬೇಕು. ಸಾದಾ ಫೆವಿಕಾಲ್‌ಗೆ ನೀರು ಬೆರೆಸಿ ಹಚ್ಚುವ ಪದ್ಧತಿ ಹಳೆಯದು, ಒಣ ಊರಿನಲ್ಲಿ ನಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಮತ್ತೆ ಮೆದುವಾಗುತ್ತದೆ. ಹೊಳಪಿನ ಅಕ್ರಿಲಿಕ್ ಮೀಡಿಯಂ (ಬಣ್ಣ ಸೇರಿಸದ ಅಕ್ರಿಲಿಕ್ ದ್ರವ) ಒಂದು ಪದರ ಕೆಳಗೆ, ಅಕ್ರಿಲಿಕ್ ಬಣ್ಣ, ಮತ್ತೆ ಮೀಡಿಯಂ ಒಂದು ಪದರ ಮೇಲೆ, ಕೊನೆಗೆ ಮ್ಯಾಟ್. ಇಷ್ಟಾದರೂ ಗೊಂಬೆಯನ್ನು ಈಟಿ ಹಿಡಿದು ಎತ್ತಬೇಡಿ, ಬೇಸ್ (ಅಡಿಯ ತಟ್ಟೆ) ಹಿಡಿದು ಎತ್ತಿ. 28ರ ಪದಾತಿಗೆ 20 ಮಿ.ಮೀ. ಚೌಕದ ಬೇಸ್ ಸಾಕು.

ಲೋಹದ ಗೊಂಬೆ ಮತ್ತು ಮಗಳು

ಹಳೆಯ ಲೋಹದ ಸಿಪಾಯಿಗಳಲ್ಲಿ ಸೀಸ ಇರುತ್ತದೆ ಎಂದೇ ಹಿಡಿಯಿರಿ. ಬಣ್ಣವಿಲ್ಲದ ತಳವನ್ನು ಬಿಳಿ ಹಾಳೆಗೆ ಉಜ್ಜಿದಾಗ ಪೆನ್ಸಿಲಿನಂತೆ ಬೂದು ಗೀರು ಬಿದ್ದರೆ ಅನುಮಾನ ಬೇಡ. ಮಗಳ ಕೈಗೆ ಕೊಡಬೇಡಿ, ಬಣ್ಣ ಬಳಿದ ಮೇಲೂ ಕೊಡಬೇಡಿ. ಕಿಲ್ಲಾಕ್ಕೆ ಕಸಬಾ ಪೇಟೆಯ ಕುಂಭಾರವಾಡೆಯ ಮಾವಳೆಗಳೇ (ಮರಾಠಾ ಸೈನಿಕರ ಮಣ್ಣಿನ ಗೊಂಬೆಗಳು) ಚೆಂದ. ಧಾರವಾಡದ್ದು ಬಯಲುಕೋಟೆ, ಅವಳ ಗುಡ್ಡದ ಕಿಲ್ಲಾಕ್ಕೂ ನಿಮ್ಮ ಕಂದಕಕ್ಕೂ ಹೇಗೂ ಹೊಂದುವುದಿಲ್ಲ.

ಆ ಹನ್ನೆರಡನ್ನು ಕತ್ತರಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಮಾವನವರು ಬಿಟ್ಟುಹೋದದ್ದು ಮತ್ತೆ ಸಿಗದು, ಪ್ಲಾಸ್ಟಿಕ್ ಎಷ್ಟಾದರೂ ಸಿಗುತ್ತದೆ. ಮಾಡಲೇಬೇಕೆಂದರೆ ಕಾನಸನ್ನು ಒದ್ದೆ ಮಾಡಿಕೊಂಡು ಹಾಳೆಯ ಮೇಲೆ ಉಜ್ಜಿ, ಆ ಹಾಳೆಯನ್ನು ಮಡಚಿ ಬೇರೆಯಾಗಿ ಎಸೆಯಿರಿ. ಊಟದ ಮೇಜಿನ ಮೇಲೆ ಬೇಡ, ಕೆಲಸ ಮುಗಿದ ಕೂಡಲೇ ಸಾಬೂನಿನಿಂದ ಕೈ ತೊಳೆಯಿರಿ. ಮೈ ಮೇಲೆ ಬಿಳಿ ಪುಡಿ ಕಂಡರೆ ಒಣ ಬ್ರಷ್ ಹಾಕಬೇಡಿ. ಅದು ಸೀಸದ ಕಾರ್ಬೋನೇಟ್, ಮರ ಮತ್ತು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಕಪಾಟುಗಳಿಂದ ಬರುವ ಆಮ್ಲದ ಆವಿಗೆ ಹುಟ್ಟುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಗಾಜು ಮತ್ತು ಲೋಹದ ಕಪಾಟಿಗೆ ಸಾಗಿಸಿ.

ಇಷ್ಟೊಂದು ಮುಂಡಾಸು ಒಂದೊಂದಾಗಿ ಸುತ್ತುವುದೇ?

ಬೇಕಿಲ್ಲ. ಒಂದನ್ನು ಚೆನ್ನಾಗಿ ಮಾಡಿ, ಪೂರ್ತಿ ಗಟ್ಟಿಯಾದ ಮೇಲೆ, ಬಿಸಿನೀರಿನಲ್ಲಿ ಮೆದುವಾಗುವ ಅಚ್ಚಿನ ಪ್ಲಾಸ್ಟಿಕ್ ಪಟ್ಟಿಯನ್ನು ಅದರ ಮೇಲೆ ಒತ್ತಿ, ತಣ್ಣಗಾದಾಗ ಬಿಡಿಸಿ. ಮುಖ ಅಚ್ಚಿನಲ್ಲಿ ಬರದಂತೆ ಹುಬ್ಬಿನ ಮೇಲಕ್ಕೇ ನಿಲ್ಲಿಸಿ. ಮುಖವನ್ನು ಕೆತ್ತಿದ್ದು ತಯಾರಕರ ಶಿಲ್ಪಿ, ಅದನ್ನು ನಕಲು ತೆಗೆಯುವ ಹಕ್ಕು ನಮ್ಮದಲ್ಲ. ನಕಲು ಮಾಡಿ ಮಾರುವುದಂತೂ ಸಣ್ಣ ತಯಾರಕರ ಹೊಟ್ಟೆಗೆ ಹೊಡೆದಂತೆ. ಮುಂಡಾಸು ನೀವೇ ಮಾಡಿದ್ದು, ಎಷ್ಟು ಬೇಕಾದರೂ ತೆಗೆಯಿರಿ.

ಅಚ್ಚಿಗೆ ತೆಳ್ಳಗೆ ವ್ಯಾಸಲೀನ್ ಸವರಿ, ಮೊದಲು ಸೂಜಿಯಿಂದ ಸ್ವಲ್ಪ ಪುಟ್ಟಿಯನ್ನು ಮಡಿಕೆಗಳ ಆಳಕ್ಕೆ ತಿಕ್ಕಿ ಗಾಳಿ ಹೊರಹಾಕಿ, ಆಮೇಲೆ ಉಳಿದದ್ದು ತುಂಬಿ. ಗೀರು ಹಾಕಿದ ತಲೆಯನ್ನು ಅದರೊಳಕ್ಕೆ ಒತ್ತಿ, ಮೂರು ನಾಲ್ಕು ಗಂಟೆ ಬಿಟ್ಟು ಅಚ್ಚನ್ನು ಸುಲಿಯಿರಿ. ಹೊರಗೆ ಒಸರಿದ ಪುಟ್ಟಿ ಆಗ ಇನ್ನೂ ಚರ್ಮದಂತಿರುತ್ತದೆ, ಹೊಸ ಬ್ಲೇಡಿಗೆ ಸಲೀಸಾಗಿ ಕತ್ತರಿಸುತ್ತದೆ. ಪ್ರತಿ ತಲೆಯನ್ನೂ ಅಚ್ಚಿನೊಳಗೆ ತುಸು ಬೇರೆ ಕೋನದಲ್ಲಿ ಒತ್ತಿ. ಸುಲಿದ ಮೇಲೆ ಕೆಲವಕ್ಕೆ ಬೆನ್ನಿನ ಮೇಲೆ ಇಳಿಬೀಳುವ ಸೆರಗೊಂದನ್ನು ಹೊಸ ಪುಟ್ಟಿಯಿಂದ ಸೇರಿಸಿದರೆ, ಒಂದೇ ಅಚ್ಚಿನವೆಂದು ಯಾರಿಗೂ ತಿಳಿಯುವುದಿಲ್ಲ.